ದಯವಿಟ್ಟು ಯಾರೂ ಊಟಕ್ಕೆ ಬರಬೇಡಿ

ಊಟಕ್ಕೆ ಕರೆಯುವುದು ಗೊತ್ತು, ಬೇಕೆಂದೇ ಕರೆಯದೆ ಬಿಡುವುದೂ ಗೊತ್ತು. ಆದರೆ "ದಯವಿಟ್ಟು ಯಾರೂ ಊಟಕ್ಕೆ ಬರಬೇಡಿ" ಎಂದು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿ, ಸುತ್ತ ಬಂಗಾರದ ಬಣ್ಣದ ಅಂಚು ಕೊಟ್ಟು, ಮನೆಮನೆಗೆ ಹಂಚಿದ್ದನ್ನು ಸೌಟಮ್ಮ ಕಂಡದ್ದು ಇದೇ ಮೊದಲು.

"ಬರಬೇಡಿ ಅನ್ನೋಕೂ ಕಾರ್ಡಾ?" ಎಂದಳು.

"ಅದೇ ಹೊಸತನ," ಎಂದರು ಅಧ್ಯಕ್ಷೆ.

ಅಧ್ಯಕ್ಷೆ ಎಂದರೆ ಪರದೆ ಬಟ್ಟೆಯ ಅಂಗಡಿಯ ಒಡತಿ, ತುತ್ತಿನ ಮನೆ ಎಂಬ ಸಂಸ್ಥೆಯ ಸಮಿತಿಗೆ ಮುಖ್ಯಸ್ಥೆ. ಹುಟ್ಟುತ್ತಲೇ ಗಂಟಲಿನ ತೊಂದರೆಯಿದ್ದು, ಆಪರೇಷನ್ನಿನ ಮೇಲೆ ಆಪರೇಷನ್ ಆಗಿ, ನುಂಗುವುದನ್ನೇ ಕಲಿಯದೆ ಉಳಿದ ಮಕ್ಕಳಿಗೆ ಅಲ್ಲಿ ಬಾಯಲ್ಲಿ ಊಟ ಮಾಡುವುದನ್ನು ಕಲಿಸುತ್ತಾರೆ. ಅದಕ್ಕೆ ನೆರವು ಕೂಡಿಸಲು ವರ್ಷಕ್ಕೊಮ್ಮೆ ದೊಡ್ಡ ಹಾಲಿನಲ್ಲಿ ಭೋಜನ ನಡೆಯುತ್ತಿತ್ತು. ಹಾಲಿನ ಬಾಡಿಗೆ, ಹೂವು, ದೀಪ, ಬಂದವರ ಕಾರು ಕಾಯಲು ಒಬ್ಬ, ಆ ಕಾಯುವವನಿಗೊಂದು ಟೋಪಿ, ಇವೆಲ್ಲ ನುಂಗಿ ಮಿಕ್ಕಿದ್ದು ಮಕ್ಕಳಿಗೆ. ಮೊದಲು ಜುಟ್ಟಿಗೆ ಮಲ್ಲಿಗೆ, ಆಮೇಲೆ ಹೊಟ್ಟೆಗೆ ಹಿಟ್ಟು. ಈ ವರ್ಷ ಅಧ್ಯಕ್ಷೆ ಅದನ್ನೆಲ್ಲ ಕಿತ್ತುಹಾಕಿ, ಊಟವನ್ನೇ ಜನರ ಮನೆಗೆ ಕಳಿಸೋಣ ಎಂದರು. ಸಂಜೆ ಏಳಕ್ಕೆ ಎಲ್ಲರೂ ತಂತಮ್ಮ ಊಟದ ಮೇಜಿಗೆ ಕೂತು, ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ಒಬ್ಬರಿಗೊಬ್ಬರು ಮುಖ ತೋರಿಸಬೇಕು. ಡಬ್ಬಿಯನ್ನು ಮುಚ್ಚಳ ಸಮೇತ ಬಿಸಿನೀರಿನಲ್ಲಿಟ್ಟು ಬಿಸಿ ಮಾಡಿಕೊಂಡು ಕಾಯಬೇಕು. ಅಧ್ಯಕ್ಷೆ ಗಂಟೆ ಬಾರಿಸಿದಾಗ ಅರವತ್ತು ಮನೆಯವರೂ ಒಟ್ಟಿಗೆ ತೆರೆಯಬೇಕು. ಅದಕ್ಕೆ ಮುಂಚೆ ಇಣುಕಿದವರಿಗೆ ಮುಂದಿನ ವರ್ಷ ಕಾರ್ಡಿಲ್ಲ.

"ಅಂದ್ರೆ ಮುಂದಿನ ವರ್ಷ ಅವರಿಗೆ ಬರಬೇಡಿ ಅಂತ ಹೇಳಲ್ಲ, ಅಷ್ಟೇ ತಾನೇ?" ಎಂದಳು ಸೌಟಮ್ಮ.

ಅಧ್ಯಕ್ಷೆಯ ಕಿವಿಗೆ ಇಂಥ ಮಾತು ಬೀಳುತ್ತಿರಲಿಲ್ಲ. ಅಡುಗೆಯ ಪಟ್ಟಿ ಹೇಳಿ ಹೋದರು: ಅಣಬೆ ಸೂಪು, ತರಕಾರಿ ತುಂಬಿ ಸುಟ್ಟ ಪದರುಪದರಿನ ಪೈ, ಬ್ರೆಡ್ಡು, ಕೊನೆಗೆ ಹಣ್ಣಿನ ಪುಡಿಂಗು.

ಸೌಟಮ್ಮ ಅವಳ ಹೆಸರಲ್ಲ. ಆದರೆ ನಿಜವಾದ ಹೆಸರು ಹಿಡಿದು ಕೂಗಿದರೆ ಅವಳೇ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಸುಮ್ಮನಿರುತ್ತಿದ್ದಳು. ಮನೆಯ ಹಿಂಬದಿಗೆ ಅಂಟಿಕೊಂಡ ಉದ್ದನೆಯ ಅಡುಗೆಮನೆಯಿಂದ ನಲವತ್ತು ವರ್ಷ ಊರಿನ ಮದುವೆಗಳಿಗೂ ಆಫೀಸುಗಳಿಗೂ ಊಟ ಕಳಿಸಿದವಳು. ಜಗಳಕ್ಕೆ ನಿಂತ ಬೀಗರು ಕೂಡ ಅವಳ ಅಡುಗೆ ಎಂದರೆ ಎರಡನೇ ಸಲ ಬಡಿಸಿಕೊಂಡು, ಕೈ ತೊಳೆದು, ಆಮೇಲೆ ಜಗಳ ಮುಂದುವರಿಸುತ್ತಿದ್ದರು. ಅವಳಿಗೆ ಒಂದು ಚಟವಿತ್ತು. ಎಲ್ಲಿ ಬಡಿಸಿದರೂ ಸರಿ, ಅಡುಗೆಮನೆಯ ಬಾಗಿಲು ಇಷ್ಟೇ ಇಷ್ಟು ತೆರೆದು, ಸಂದಿಗೆ ಕಣ್ಣಿಟ್ಟು, ಮೊದಲ ತುತ್ತು ಜನರ ಬಾಯಿಗೆ ಹೋಗುವುದನ್ನು ನೋಡಬೇಕು. ತುತ್ತು ಒಳಗೆ ಹೋಗುತ್ತಲೇ ಹುಬ್ಬು ಮೇಲೇರಬೇಕು. ಏರಿದರೆ ಅವಳಿಗೆ ಅಂದಿನ ಊಟ ಬೇಡ, ಹೊಟ್ಟೆ ತುಂಬಿತು.

ಇನ್ನೊಂದು, ಉಪ್ಪು. ಅವಳು ಬಡಿಸುವ ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಡುವ ಹಾಗಿರಲಿಲ್ಲ. ತಾನು ಹಾಕಿದ ಮೇಲೆ ಮತ್ತೆ ಹಾಕಿಕೊಳ್ಳಲು ಇವರ್ಯಾರು ಎಂಬುದು ಅವಳ ವಾದ. ಒಮ್ಮೆ ದೊಡ್ಡ ಮನುಷ್ಯರೊಬ್ಬರು "ಸ್ವಲ್ಪ ಉಪ್ಪು ಸಿಗುತ್ತಾ?" ಎಂದು ಕೇಳಿದ್ದರು. ನಗುನಗುತ್ತಲೇ ತಂದಿಟ್ಟಳು. ಆಮೇಲೆ ಆ ಮನೆಯವರು ಎಷ್ಟು ಸಲ ಕರೆದರೂ ಅವಳಿಗೆ ಬಿಡುವೇ ಇರುತ್ತಿರಲಿಲ್ಲ.

ಇಂಥವಳ ಸ್ವಂತ ಮೊಮ್ಮಗಳು ಅವಳ ಕೈಯಿಂದ ಒಂದೇ ಒಂದು ತುತ್ತು ತಿಂದವಳಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಮೊಮ್ಮಗಳಿಗೆ ಐದು ವರ್ಷ. ಗಾತ್ರಕ್ಕೂ ಖಾರಕ್ಕೂ ಹೊಂದುವಂತೆ ಮೆಣಸು ಎಂದು ಕರೆಯುತ್ತಿದ್ದರು. ಹುಟ್ಟಿದಾಗ ಅವಳ ಅನ್ನನಾಳ ನಡುವೆ ಕೂಡಿರಲೇ ಇಲ್ಲ. ಡಾಕ್ಟರುಗಳು ಹಲವು ಸಲ ಕೊಯ್ದು, ಹೊಲಿದು, ಕೂಡಿಸಿದರು. ಹುಟ್ಟಿದಾಗಿನಿಂದಲೂ ಹೊಟ್ಟೆಗೇ ಒಂದು ನಳಿಗೆ ಇಟ್ಟು ಅದರಲ್ಲಿ ಆಹಾರ ಇಳಿಸುತ್ತಿದ್ದರು. ಈಗ ಎಲ್ಲ ಸರಿಯಾಗಿದೆ, ಮೆತ್ತಗಿರುವುದನ್ನು ಧಾರಾಳವಾಗಿ ತಿನ್ನಬಹುದು, ತಿನ್ನತೊಡಗಿದರೆ ನಳಿಗೆ ತೆಗೆಯಬಹುದು ಎಂದು ಡಾಕ್ಟರು ಹೇಳಿ ತುಂಬಾ ದಿನವಾಗಿತ್ತು. ಮೆಣಸು ಮಾತ್ರ ಚಮಚವನ್ನು ತುಟಿಗೆ ಮುಟ್ಟಿಸುತ್ತಾಳೆ, ನಾಲಿಗೆಯ ತುದಿಯಿಂದ ನೆಕ್ಕುತ್ತಾಳೆ, ಥೂ ಎಂದು ಉಗುಳುತ್ತಾಳೆ.

"ರಸ್ತೆ ರಿಪೇರಿ ಆಗಿದೆ, ಬಸ್ಸು ಮಾತ್ರ ಬಿಡ್ತಿಲ್ಲ," ಎನ್ನುತ್ತಿದ್ದರು ಯಜಮಾನರು, ಅಂದರೆ ಸೌಟಮ್ಮನ ಗಂಡ. ಬಸ್ ಡ್ರೈವರಾಗಿ ನಿವೃತ್ತರಾದವರು. ಈಗ ಹೆಂಡತಿಯ ಡಬ್ಬಿಗಳನ್ನು ವ್ಯಾನಿನಲ್ಲಿ ಮುಟ್ಟಿಸುವುದು ಅವರ ಕೆಲಸ.

ಮಗಳು ಕನ್ನಡಕದಂಗಡಿಗೆ ಕೆಲಸಕ್ಕೆ ಹೋಗುವಾಗ ಮೆಣಸನ್ನು ಹಗಲೆಲ್ಲ ತುತ್ತಿನ ಮನೆಯಲ್ಲಿ ಬಿಡುತ್ತಿದ್ದಳು. ಅಲ್ಲಿನ ಟೀಚರ್ ಒಂದು ದಿನ ಸೌಟಮ್ಮನನ್ನು ಪಕ್ಕಕ್ಕೆ ಕರೆದರು.

"ಅಜ್ಜಿ, ನೀವು ಅವಳ ಬಾಯಿ ನೋಡ್ತೀರ. ನೋಡಬಾರದು. ಎಲ್ಲರೂ ತನ್ನ ಬಾಯಿ ಕಾಯ್ತಿದಾರೆ ಅಂತ ಗೊತ್ತಾದ್ರೆ ಮಗು ಹೆದರುತ್ತೆ. ಡಬ್ಬಿ ಮುಂದೆ ಇಡಿ, ಮರೆತುಬಿಡಿ. ತಿಂದ್ರೂ ಕುಣೀಬೇಡಿ, ಬಿಟ್ರೂ ಅಳಬೇಡಿ. ತಾನಾಗಿ ಏನಾದ್ರೂ ಕೇಳಿದ್ರೆ ಮಾತ್ರ ಕೊಡಿ."

"ನಾನೆಲ್ಲಮ್ಮ ನೋಡ್ತೀನಿ?"

"ಈಗಲೂ ನೋಡ್ತಾ ಇದೀರ."

ನಿಜ. ಆಚೆ ಮೂಲೆಯಲ್ಲಿ ಮೆಣಸು ಚಮಚ ಹಿಡಿದು ಕೂತಿದ್ದಳು, ಸೌಟಮ್ಮನ ಕಣ್ಣು ಅಲ್ಲೇ ನೆಟ್ಟಿತ್ತು. ಅಂದಿನಿಂದ ಅವಳು ಪ್ರಯತ್ನಪಟ್ಟಳು. ಮೊಮ್ಮಗಳ ಮುಂದೆ ಡಬ್ಬಿ ಇಟ್ಟು ಗೋಡೆ ಗಡಿಯಾರ ನೋಡಿದಳು, ಸೂರು ನೋಡಿದಳು, ಗಂಡನ ಬೋಳು ತಲೆ ನೋಡಿದಳು. ಕಣ್ಣು ಮಾತ್ರ ಇಳಿಜಾರಿನಲ್ಲಿ ಬಿಟ್ಟ ಗಾಲಿಯ ಹಾಗೆ ಮತ್ತೆ ಆ ಪುಟ್ಟ ಬಾಯಿಗೇ ಬಂದು ನಿಲ್ಲುತ್ತಿತ್ತು. ತುಟಿ ಮುಟ್ಟಿದ ಚಮಚ ಕೆಳಗಿಳಿದಾಗಲೆಲ್ಲ, ಊರಿಗೆಲ್ಲ ಬಡಿಸಿದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತೇ ಎಂದು ಸಂಕಟವಾಗುತ್ತಿತ್ತು. ಇನ್ನೇನೂ ಬೇಡ, ಈ ಒಂದು ಬಾಯಿ ತನ್ನ ಕೈಯಡುಗೆಯ ಒಂದು ಚಮಚ ನುಂಗಲಿ. ಆಮೇಲೆ ಸೌಟು ಕೆಳಗಿಟ್ಟರೂ ಸರಿ.

ತುತ್ತಿನ ಮನೆಯ ಮಕ್ಕಳಿಗೆಲ್ಲ ಊಟ ಅವಳ ಅಡುಗೆಮನೆಯಿಂದಲೇ ಹೋಗುತ್ತಿತ್ತು. ಕ್ಯಾರೆಟ್ಟು, ಬಟಾಣಿ, ಸೇಬು, ಎಲ್ಲವನ್ನೂ ಬೇರೆಬೇರೆಯಾಗಿ ಬೇಯಿಸಿ, ಬೆಣ್ಣೆಯಂತೆ ನುಣ್ಣಗೆ ರುಬ್ಬಿ, ಎರಡು ವಾರಕ್ಕಾಗುವಷ್ಟು ಒಟ್ಟಿಗೆ ಡಬ್ಬಿಗೆ ತುಂಬಿ ಅಲ್ಲಿನ ಫ್ರೀಜರಿಗೆ ಕಳಿಸುವುದು. ಟೀಚರ್ ಹೇಳಿದ್ದರಿಂದ ಉಪ್ಪಿಲ್ಲ. ಆ ಡಬ್ಬಿ ಮುಚ್ಚುವಾಗ ಮಾತ್ರ ಸೌಟಮ್ಮನ ಕೈ ನಾಚಿಕೊಳ್ಳುತ್ತಿತ್ತು.

ಇಲ್ಲಿಗೆ ಮುಚ್ಚಳದ ವಿಷಯ ಬಂತು. ಯಜಮಾನರು ವ್ಯಾನು ಹಿಡಿದ ಹೊಸದರಲ್ಲಿ ಗಂಡ ಹೆಂಡತಿ ಕೆಲಸದ ಮಾತೆತ್ತಿದರೆ ಸಾಕು, ಎಣ್ಣೆ ಸೀಗೆಕಾಯಿ. ಯಾವ ಡಬ್ಬಿ ಎಲ್ಲಿಗೆ ಎಂಬಲ್ಲಿಂದ ಶುರುವಾದದ್ದು ನಿಮ್ಮಮ್ಮ, ನಿಮ್ಮಪ್ಪ ಎಂಬಲ್ಲಿಗೆ ಮುಟ್ಟುತ್ತಿತ್ತು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಕೆಲಸದ ಮಾತೇ ಬೇಡ, ಮುಚ್ಚಳ ಮಾತಾಡಲಿ. ಕೆಂಪು ಮುಚ್ಚಳ ಮದುವೆ ಮನೆಗೆ, ಹಸಿರು ಆಫೀಸಿಗೆ, ನೀಲಿ ತುತ್ತಿನ ಮನೆಗೆ. ಅಲ್ಲಿಂದ ಇಲ್ಲಿಯವರೆಗೆ ಅವರ ಸಂಸಾರದ ಶಾಂತಿ ಈ ಪ್ಲಾಸ್ಟಿಕ್ ಮುಚ್ಚಳಗಳ ಮೇಲೆ ನಿಂತಿತ್ತು.

ಭೋಜನದ ದಿನ ಬೆಳಿಗ್ಗೆ ಅಧ್ಯಕ್ಷೆ ಫೋನ್ ಮಾಡಿದರು. "ಅತಿಥಿಗಳ ಡಬ್ಬಿಗೆ ನೀಲಿ ಮುಚ್ಚಳ ಹಾಕಿ. ನಮ್ಮ ಸಂಸ್ಥೆಯ ಬಣ್ಣ ನೀಲಿ."

ಸೌಟಮ್ಮ ಹೂಂ ಎಂದಳು. ಪೈ, ಸೂಪು, ಪುಡಿಂಗಿನ ಡಬ್ಬಿಗಳಿಗೆ ನೀಲಿ ಮುಚ್ಚಳ ಬಿತ್ತು. ಅಂದೇ ಮಕ್ಕಳ ಎರಡು ವಾರದ ಡಬ್ಬಿಗಳೂ ಹೋಗಬೇಕಿತ್ತು. ನೀಲಿ ಮುಗಿದಿದ್ದರಿಂದ ಅವಕ್ಕೆ ಮೂಲೆಯಲ್ಲಿದ್ದ ಬಿಳಿ ಮುಚ್ಚಳ ಒತ್ತಿದಳು. ಗಂಡನಿಗೆ ಹೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ಹೇಳುವುದೇ ಬೇಡ ಎಂದು ತಾನೇ ಇಷ್ಟು ವರ್ಷ ಸಂಸಾರ ಮಾಡಿದ್ದು?

ಯಜಮಾನರು ಬಂದರು. ಎರಡು ರಾಶಿ ಹೆಚ್ಚುಕಡಿಮೆ ಒಂದೇ ಎತ್ತರ. ನೀಲಿ ಎಂದರೆ ತುತ್ತಿನ ಮನೆ, ಅದನ್ನು ಕಣ್ಣು ಮುಚ್ಚಿ ಬಲ್ಲರು. ಬಿಳಿ ಹೊಸದು. ದೊಡ್ಡವರ ಮನೆಗೆ ಬಿಳಿಯೇ ಭೂಷಣ ಎಂದುಕೊಂಡು, ಅರವತ್ತು ಮನೆಯ ಕರೆಗಂಟೆ ಒತ್ತಿ, ಪ್ರತಿಯೊಬ್ಬರಿಗೂ "ಏಳರವರೆಗೆ ತೆಗೀಬೇಡಿ" ಎಂದು ಎಚ್ಚರಿಕೆ ಕೊಟ್ಟು ಬಂದರು.

ಸಂಜೆ ಸೌಟಮ್ಮನ ಮನೆಯ ಮೇಜಿನ ಮೇಲೆ ಮಗಳು ಲ್ಯಾಪ್‌ಟಾಪ್ ತೆರೆದಿಟ್ಟಳು. ಚೌಕ ಚೌಕವಾಗಿ ಮುಖಗಳು ತುಂಬಿಕೊಂಡವು. ಸೌಟಮ್ಮ ಕುರ್ಚಿಯನ್ನು ಮುಂದಕ್ಕೆಳೆದು ಕೂತಳು. ಒಂದು ಬಾಗಿಲ ಸಂದಿಯಿಂದ ಇಣುಕಿ ಕುತ್ತಿಗೆ ನೋಯಿಸಿಕೊಂಡವಳಿಗೆ ಈಗ ಅರವತ್ತು ಸಂದಿಗಳು ಒಂದೇ ಸಲ ತೆರೆದಿದ್ದವು. ದಪ್ಪ ಮೀಸೆಯ ಹಲ್ಲಿನ ಡಾಕ್ಟರು ಕುತ್ತಿಗೆಗೆ ಕರವಸ್ತ್ರ ಕಟ್ಟಿ ಸಜ್ಜಾಗಿದ್ದರು. ನಿವೃತ್ತ ಹೆಡ್‌ಮಾಸ್ಟರು ಕ್ಯಾಮೆರಾಕ್ಕೆ ಎಷ್ಟು ಹತ್ತಿರ ಕೂತಿದ್ದರೆಂದರೆ ಮೂಗು ಮಾತ್ರ ಹಾಜರಿತ್ತು. ಮೆಣಸು ಅಜ್ಜಿಯ ಪಕ್ಕದ ಎತ್ತರದ ಸ್ಟೂಲಿನಲ್ಲಿ ಕೂತಿದ್ದಳು. ಅವಳ ಮುಂದೆ ದಿನದಂತೆ ಅವಳ ಡಬ್ಬಿ, ದಿನದಂತೆ ಮುಟ್ಟದ ಚಮಚ.

ಅಧ್ಯಕ್ಷೆ ಗಂಟೆ ಬಾರಿಸಿದರು. ಅರವತ್ತು ಕೈಗಳು ಮುಚ್ಚಳ ಎತ್ತಿದವು. ಬಿಳಿ ಮುಚ್ಚಳ.

ಸೌಟಮ್ಮ ಗಂಡನ ಕಡೆ ತಿರುಗಿದಳು.

"ನೀಲಿ ಎಲ್ಲಿಗೆ ಕೊಟ್ರಿ?"

"ನೀಲಿ ಅಂದ್ರೆ ತುತ್ತಿನ ಮನೆ. ಅದನ್ನೂ ಕೇಳ್ತೀಯಲ್ಲೇ?"

"ಈ ಸಲ ಬದಲಾಯಿಸಿದ್ದೆ ಕಣ್ರೀ!"

"ನನಗೆ ಹೇಳಿದ್ಯಾ?"

ಸೌಟಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಲವತ್ತು ವರ್ಷದ ಹೆಸರು ಅರವತ್ತು ಮೇಜಿನ ಮೇಲೆ ಮೂರು ಮುದ್ದೆಯಾಗಿ ಕೂತಿತ್ತು, ಒಂದು ಕಿತ್ತಳೆ ಬಣ್ಣ, ಒಂದು ಹಸಿರು, ಒಂದು ಯಾವ ಬಣ್ಣವೆಂದು ಹೇಳಲಾಗದ್ದು. ಅದೂ ಉಪ್ಪಿಲ್ಲದೆ!

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ತುತ್ತಿನ ಮನೆಯ ಟೀಚರ್. "ಅಜ್ಜಿ, ಇಲ್ಲಿ ಪೈ ಬಂದಿದೆ. ಮಕ್ಕಳ ಕೈಗೆ ಸಿಗೋಕೆ ಮುಂಚೆ ಎತ್ತಿಟ್ಟೆ, ಅವರಿಗೆ ಹಳೇ ಡಬ್ಬಿ ಇತ್ತು, ಕೊಟ್ಟಾಯ್ತು. ಇದನ್ನೇನು ಮಾಡ್ಲಿ? ಅಮ್ಮಂದಿರು ಬಾಗಿಲಲ್ಲೇ ನಿಂತು ವಾಸನೆ ಕುಡೀತಿದಾರೆ."

ದೂರದ ಊರುಗಳಿಂದ ಬಂದು ಮಕ್ಕಳ ಜೊತೆ ಅಲ್ಲೇ ಉಳಿದ ಅಮ್ಮಂದಿರು. ನಿಂತುಕೊಂಡು, ತಣ್ಣಗಾದದ್ದನ್ನು, ಅರ್ಧಂಬರ್ಧ ತಿಂದು ತಿಂಗಳುಗಳನ್ನೇ ಕಳೆದವರು.

"ಕೂರಿಸಿ ಬಡಿಸಿ," ಎಂದಳು ಸೌಟಮ್ಮ. "ಎರಡೆರಡು ಸಲ ಬಡಿಸಿ."

ಲ್ಯಾಪ್‌ಟಾಪಿನಲ್ಲಿ ಎಲ್ಲರೂ ಇನ್ನೂ ಡಬ್ಬಿಯನ್ನೇ ನೋಡುತ್ತಿದ್ದರು. ಹಾಲಿನಲ್ಲಾಗಿದ್ದರೆ ಯಾರಾದರೂ ಪಕ್ಕದವರನ್ನು ತಿವಿದು "ಏನ್ರೀ ಇದು?" ಎನ್ನುತ್ತಿದ್ದರು. ಇಲ್ಲಿ ಪಕ್ಕದವರಿಲ್ಲ. ಪ್ರತಿಯೊಬ್ಬರೂ ಇದು ಉಳಿದವರಿಗೆಲ್ಲ ಗೊತ್ತಿರುವ ಯಾವುದೋ ನಾಜೂಕಿನ ತಿಂಡಿ, ತಾವೊಬ್ಬರೇ ಕೇಳಿ ಹಳ್ಳಿಗುಗ್ಗು ಆಗಬಾರದು ಎಂದು ನಗುತ್ತಾ ಕೂತರು. ಅಧ್ಯಕ್ಷೆಯೂ ಒಂದು ಕ್ಷಣ ಡಬ್ಬಿಯೊಳಗೆ ನೋಡಿದರು. ಆದರೆ ತಮಗೆ ಗೊತ್ತಿಲ್ಲದ್ದು ಲೋಕದಲ್ಲಿ ಇದೆ ಎಂದು ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ.

"ಗೆಳೆಯರೇ," ಎಂದರು ಗಂಟಲು ಸರಿಪಡಿಸಿಕೊಂಡು, "ನಮ್ಮ ಮಕ್ಕಳು ದಿನಾ ತಿನ್ನೋದನ್ನೇ ಇವತ್ತು ನಾವೂ ತಿನ್ನೋಣ. ಬೇಕಂತಲೇ ನಿಮಗೆ ಹೇಳಿರಲಿಲ್ಲ."

ಮನೆಮನೆಯಲ್ಲೂ ಚಮಚ ಮೇಲೆದ್ದಿತು. ಮೊದಲ ತುತ್ತು ಬಾಯಿಗೆ ಹೋಯಿತು. ಸೌಟಮ್ಮ ಜೀವಮಾನವೆಲ್ಲ ಕಾದ ಗಳಿಗೆ ಇದು, ಇಂದು ಮಾತ್ರ ನೋಡಬಾರದಿತ್ತು, ನೋಡಿದಳು. ಹುಬ್ಬುಗಳೇನೋ ಏರಿದವು. ಅದರ ಕೆಳಗಿನ ಮುಖಗಳು ಇಂಗು ತಿಂದ ಮಂಗನ ಹಾಗಾದವು. ಹಲ್ಲಿನ ಡಾಕ್ಟರಿಗೆ ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಒಬ್ಬಾಕೆ "ತುಂಬಾ... ನುಣ್ಣಗಿದೆ" ಎಂದರು. ಹೆಡ್‌ಮಾಸ್ಟರ ಮೂಗು ಮಾತ್ರ ಮುಲಾಜಿಲ್ಲದೆ ನುಡಿಯಿತು: "ಇದಕ್ಕೆ ಉಪ್ಪೇ ಇಲ್ಲ!"

ಇನ್ನು ಸುಮ್ಮನಿರಲಾಗದು, ತಪ್ಪು ತನ್ನದೆಂದು ಹೇಳಿಬಿಡಬೇಕು ಎಂದು ಸೌಟಮ್ಮ ಮಗಳಿಗೆ ಮೈಕು ಹಾಕಲು ಸನ್ನೆ ಮಾಡಿದಳು. ಮಗಳು ಹಾಕಿದಳು. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಕಿರುಚು ಬಂತು.

"ಅಜ್ಜೀ! ಮೀಸೆಯವರು ಉಗುಳಿಬಿಟ್ರು!"

ಅರವತ್ತು ಮನೆಯೂ ಗೊಳ್ಳೆಂದಿತು. ಹಲ್ಲಿನ ಡಾಕ್ಟರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಮೆಣಸು ಸ್ಟೂಲಿನ ಮೇಲೆ ಮೊಣಕಾಲೂರಿ ಎದ್ದಿದ್ದಳು. ಅವಳ ಕಣ್ಣು ಲ್ಯಾಪ್‌ಟಾಪಿಗಿಂತ ದೊಡ್ಡದಾಗಿತ್ತು. ಇಷ್ಟು ಜನ ದೊಡ್ಡವರು, ಕನ್ನಡಕದವರು, ಮೀಸೆಯವರು, ಎಲ್ಲರೂ ತನ್ನ ಡಬ್ಬಿಯನ್ನೇ ಮುಂದಿಟ್ಟುಕೊಂಡು ತನ್ನ ಮುಖವನ್ನೇ ಮಾಡುತ್ತಿದ್ದಾರೆ! ಅವಳ ಬದುಕಿನಲ್ಲಿ ಇಂಥದ್ದು ನಡೆದಿರಲಿಲ್ಲ.

"ಉಗುಳಿದ್ರೆ ಪರವಾಗಿಲ್ಲ," ಎಂದಳು ಮೆಣಸು ದೊಡ್ಡ ಮನಸ್ಸು ಮಾಡಿ. "ಮೊದಲು ತುಟಿಗೆ ಮುಟ್ಟಿಸಿ. ಹೀಗೆ. ಆಮೇಲೆ ನೆಕ್ಕಿ. ಹೆದರಬೇಡಿ, ಅದು ಕಚ್ಚಲ್ಲ."

ಟೀಚರ್ ದಿನಾ ಹೇಳುವ ಮಾತುಗಳು, ಅದೇ ರಾಗದಲ್ಲಿ. ಅರವತ್ತು ಮನೆಯವರು ಚಮಚವನ್ನು ತುಟಿಗೆ ಮುಟ್ಟಿಸಿದರು. ಅಧ್ಯಕ್ಷೆ ಕೂಡ ತುಟಿಯ ಬಣ್ಣ ಲೆಕ್ಕಿಸದೆ ಮುಟ್ಟಿಸಿದರು.

"ಟೀಚರ್, ನನಗಾಗಲ್ಲ," ಎಂದರು ಮೀಸೆಯವರು. "ಎಲ್ಲರೂ ನನ್ನನ್ನೇ ನೋಡ್ತಿದಾರೆ."

"ನನಗೂ ಅದೇ ಕಷ್ಟ," ಎಂದಳು ಮೆಣಸು.

ಆ ಮಾತು ಸೌಟಮ್ಮನಿಗೆ ನೆಟ್ಟಗೆ ಬಂದು ತಾಗಿತು. ಮಗು ಅದನ್ನು ಅವಳಿಗೆ ಹೇಳಿರಲಿಲ್ಲ, ಹೇಳಬೇಕೆಂದೂ ಇರಲಿಲ್ಲ. ಮೀಸೆಯವರಿಗೆ ಸಮಾಧಾನ ಹೇಳುತ್ತಿತ್ತು, ಅಷ್ಟೇ.

"ಹಾಗಾದ್ರೆ ಎಲ್ಲರೂ ಕಣ್ಣು ಮುಚ್ಚಿ," ಎಂದು ಮೆಣಸು ಅಪ್ಪಣೆ ಕೊಡಿಸಿದಳು. "ಯಾರೂ ಯಾರ ಬಾಯೀನೂ ನೋಡಬಾರದು. ಮೀಸೆಯವರು ತಿನ್ನಲಿ. ತಾತ, ನೀನೂ. ಅಮ್ಮ, ನೀನೂ. ಅಜ್ಜೀ..."

ಅಜ್ಜಿ ಮುಚ್ಚಿದಳು. ಲ್ಯಾಪ್‌ಟಾಪ್ ತೆಪ್ಪಗಾಯಿತು. ಅಲ್ಲೊಂದು ಇಲ್ಲೊಂದು ಚಮಚದ ಸದ್ದು, ದೂರದ ಯಾವುದೋ ಮನೆಯಲ್ಲಿ ನಾಯಿ ಬೊಗಳಿದ್ದು, ಯಾರೋ ಕೆಮ್ಮಿದ್ದು. ಆಮೇಲೆ ಇನ್ನೊಂದು ಸದ್ದು, ತೀರ ಹತ್ತಿರ. ಡಬ್ಬಿಯ ಅಂಚಿಗೆ ಚಮಚ ತಗುಲಿದ್ದು.

ರೆಪ್ಪೆ ಇಷ್ಟೇ ಎತ್ತಿದ್ದರೆ ಸಾಕಿತ್ತು, ಬಾಗಿಲ ಸಂದಿಯಷ್ಟು. ಸೌಟಮ್ಮ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಳು. ಚಮಚ ಮೇಲೆದ್ದಿತು ಎನಿಸಿತು. ಇನ್ನು ಥೂ ಎನ್ನುತ್ತಾಳೆ ಎಂದು ಕಾದಳು. ಥೂ ಬರಲಿಲ್ಲ. ಗುಟುಕ್ ಎಂಬ ಪುಟ್ಟ ಸದ್ದು ಬಂತು. ಯಜಮಾನರು ಮೇಜಿನ ಕೆಳಗೆ ಅವಳ ಕೈ ಹುಡುಕಿ ಹಿಡಿದರು. ಮತ್ತೆ ಚಮಚ ಡಬ್ಬಿಗೆ ತಗುಲಿತು. ಮತ್ತೆ ಗುಟುಕ್.

"ಬಟಾಣೀದು ಪರವಾಗಿಲ್ಲ," ಎಂದಿತು ಮೆಣಸಿನ ದನಿ, ಯಾರಿಗೂ ಅಲ್ಲ ಎಂಬಂತೆ. "ಅಜ್ಜೀ, ಕ್ಯಾರೆಟ್ಟು ಸಪ್ಪೆ. ಒಳಗೆ ಹೋಗೋವರೆಗೂ ಸಪ್ಪೆ. ಉಪ್ಪು ಕೊಡು."

ಸೌಟಮ್ಮ ಕಣ್ಣು ಮುಚ್ಚಿಕೊಂಡೇ ಎದ್ದಳು. ಗೋಡೆ ಸವರಿ, ಬಾಗಿಲು ದಾಟಿ, ಒಲೆಯ ಎಡಗಡೆಯ ಗೂಡಿಗೆ ಕೈ ಹಾಕಿದಳು. ಅಲ್ಲಿಗೆ ಹೋಗಲು ಅವಳಿಗೆ ಕಣ್ಣು ಬೇಕಿರಲಿಲ್ಲ. ಉಪ್ಪಿನ ಡಬ್ಬಿಯನ್ನು ಎದೆಗವಚಿಕೊಂಡು ಬರುವಾಗ ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿದು ಗಲ್ಲದವರೆಗೆ ಬಂದಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಟೀಚರ್," ಹೆಡ್‌ಮಾಸ್ಟರ ದನಿ ಲ್ಯಾಪ್‌ಟಾಪಿನಿಂದ ಕೇಳಿತು, "ಇನ್ನು ಕಣ್ಣು ಬಿಡಬಹುದಾ?"

"ತಾಳಿ," ಎಂದಳು ಮೆಣಸು. "ನಂದು ಇನ್ನೂ ಊಟ ಆಗಿಲ್ಲ."

ಅರವತ್ತು ಮನೆಯವರು ತಾಳಿದರು. ಸೌಟಮ್ಮ ಉಪ್ಪಿನ ಡಬ್ಬಿಯನ್ನು ತಡವರಿಸುತ್ತಾ ಮೇಜಿನ ನಡುವೆ ಇಟ್ಟು, ಕಣ್ಣು ಮುಚ್ಚಿಕೊಂಡೇ ಪಕ್ಕದಲ್ಲಿ ಕೂತಳು.